ಸೀರೆಯ ಅಂಚಿನ ಕೆಂಪು ಉಳಿಸಿಕೊಟ್ಟ ಸಾಫ್ಟ್‌ವೇರ್

ಕಳೆದ ವರ್ಷ ತುಳುನಾಡಿನ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಬೆಂಗಳೂರಿನಿಂದ ಒಂದು ಸೀರೆ ವಾಪಸ್ ಬಂತು. ಬಿಳಿ ಒಡಲು, ಕೆಂಪು ಅಂಚು, ಅಂಚಿನೊಳಗೆ ಎರಡೆರಡು ಎಳೆಯ ಹಳದಿ ಗೆರೆ. ಅಮ್ಮನೇ ನೇಯ್ದದ್ದು. ಪೊಟ್ಟಣದೊಳಗೆ ಒಂದು ಚೀಟಿ ಇತ್ತು: ‘ಸೀರೆ ಚೆನ್ನಾಗಿದೆ, ಆದರೆ ವೆಬ್‌ಸೈಟಿನಲ್ಲಿ ನೋಡಿದ ಬಣ್ಣ ಇದಲ್ಲ.’

ನಾನು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಮೊಬೈಲಿನಲ್ಲಿ ನಮ್ಮ ವೆಬ್‌ಸೈಟ್ ತೆರೆದೆ. ಅವರು ಬರೆದದ್ದು ನಿಜ. ಕೈಯಲ್ಲಿದ್ದದ್ದು ಕುಂಕುಮದ ಕೆಂಪು, ಚಿತ್ರದಲ್ಲಿದ್ದದ್ದು ಇಟ್ಟಿಗೆಯ ಬಣ್ಣ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ‘ಇದು ನಾನು ನೇಯ್ದದ್ದಾ? ಎಳೆಯೇ ಕಾಣುವುದಿಲ್ಲವಲ್ಲ ಮಗಾ’ ಎಂದರು. ಚಿತ್ರ ದೊಡ್ಡದು ಮಾಡಿದರೆ ಹಳದಿ ಗೆರೆ ಕೆಂಪಿನೊಳಗೆ ಕಲಸಿಹೋಗಿತ್ತು. ನೆನೆದ ಬಟ್ಟೆ ಬಣ್ಣ ಬಿಟ್ಟ ಹಾಗೆ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಆ ಗುರುತು ಇರುವುದೇ ಈ ಎಳೆಗಳಿಗೆ, ಈ ನೇಯ್ಗೆಗೆ. ಅದೇ ಕಾಣದಿದ್ದರೆ ನಾನು ಮಾರುತ್ತಿರುವುದು ಏನನ್ನು?

ಆ ಮಳೆಗಾಲ ಪೂರ್ತಿ ನಾನು ವೆಬ್‌ಸೈಟಿನ ಚಿತ್ರಗಳಿಗೆ ಸರಿಯಾದ ಸಾಫ್ಟ್‌ವೇರ್ ಹುಡುಕುವುದರಲ್ಲೇ ಕಳೆದೆ. ಉಡುಪಿಯ ಸಂತೆಕಟ್ಟೆಯ ನಮ್ಮ ಮನೆಯ ಚಾವಡಿಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಎಂಟು ಜಿಬಿ ರ‍್ಯಾಮ್. ಮದುವೆಗೆ ಮೊದಲು ಮತ್ತು ನಂತರ ಸೇರಿ ಹನ್ನೆರಡು ವರ್ಷ ನಾನು ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡಿದವಳು. ಪೇಜ್‌ಮೇಕರ್, ಕೋರೆಲ್‌ಡ್ರಾ ಎರಡೂ ಕೈಗೆ ಬರುತ್ತಿದ್ದವು. ಆದರೆ ಅಲ್ಲಿ ಎಲ್ಲವೂ ಕಾಗದಕ್ಕೆ. ಪರದೆಗೆ ಚಿತ್ರ ಮಾಡುವುದು ಬೇರೆಯೇ ಕೆಲಸ ಎಂದು ಗೊತ್ತಾದದ್ದು ಈ ಸೀರೆ ತಿರುಗಿ ಬಂದ ಮೇಲೆ.

ನನ್ನ ಪರೀಕ್ಷೆ ಎರಡೇ. ಅಂಚಿನ ಕೆಂಪು ಕೆಂಪಾಗಿಯೇ ಇರಬೇಕು, ‘ಮಗ್ಗ’ ಎಂದು ಬರೆದರೆ ಗಕಾರದ ಒತ್ತು ಗಕಾರದ ಕೆಳಗೇ ಕೂರಬೇಕು. ಇದರ ಜತೆಗೆ, ಗಾಳಿಮಳೆಗೆ ನೆಟ್ ಹೋದ ದಿನವೂ ಕೆಲಸ ನಡೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅಂಥ ದಿನಗಳು ಬೇಕಾದಷ್ಟು.

ಎಲ್ಲರೂ ಮೊದಲು ಹೇಳಿದ್ದು ಕ್ಯಾನ್ವಾ. ಹಬ್ಬದ ಶುಭಾಶಯಕ್ಕೆ, ವಾಟ್ಸಾಪ್ ಸ್ಟೇಟಸ್ಸಿಗೆ ಅದು ಒಳ್ಳೆಯದು, ಈಗಲೂ ಬಳಸುತ್ತೇನೆ. ಕನ್ನಡ ಫಾಂಟುಗಳೂ ಉಂಟು. ಆದರೆ ಹಿನ್ನೆಲೆಯಿಲ್ಲದ ಪಿಎನ್‌ಜಿ ಬೇಕೆಂದರೆ, ಲೋಗೋವನ್ನು ಎಷ್ಟು ಹಿಗ್ಗಿಸಿದರೂ ಒಡೆಯದ ಎಸ್‌ವಿಜಿ ಕಡತ ಮಾಡಿ ಇಳಿಸಿಕೊಳ್ಳಬೇಕೆಂದರೆ ದುಡ್ಡು ಕೊಡುವ ಯೋಜನೆಗೆ ಹೋಗಬೇಕು. ಚಿತ್ರದ ಒಳಗಿನ ಸೂಕ್ಷ್ಮ ನನ್ನ ಕೈಯಲ್ಲಿ ಇರುವುದಿಲ್ಲ. ಅದು ಬಟ್ಟೆಯ ಚಿತ್ರಕ್ಕಾಗಿ ಮಾಡಿದ್ದಲ್ಲ, ಪೋಸ್ಟರಿಗಾಗಿ ಮಾಡಿದ್ದು. ಅಷ್ಟಕ್ಕೆ ಬಿಟ್ಟೆ.

ಫೋಟೋಶಾಪ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮೂರಲ್ಲಿ ಚಿತ್ರ ತಿದ್ದುವುದಕ್ಕೇ ಅದರ ಹೆಸರು ಬಿದ್ದಿದೆ. 1990ರಿಂದ ಇರುವ ಸಾಫ್ಟ್‌ವೇರ್. ಅದರ ಸಾಮರ್ಥ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ 2013ರಿಂದ ಹೊಸ ಆವೃತ್ತಿಗಳನ್ನು ಕೊಂಡು ಇಟ್ಟುಕೊಳ್ಳುವ ಹಾಗಿಲ್ಲ, ಬಾಡಿಗೆ ಕಟ್ಟುತ್ತಲೇ ಇರಬೇಕು. ತಿಂಗಳಿಗೆ ಏಳೆಂಟು ಸೀರೆ ಹೋಗುವ ಅಂಗಡಿಗೆ ಅದು ಭಾರ. ‘ಐನೂರು ರೂಪಾಯಿ ಕೊಡಿ ಅಕ್ಕ, ಎಲ್ಲ ಹಾಕಿ ಕೊಡ್ತೇನೆ’ ಎಂದು ಕಂಪ್ಯೂಟರ್ ರಿಪೇರಿಯ ಹುಡುಗ ಹೇಳಿದ. ಬೇಡ ಎಂದೆ. ನಾನಿದ್ದ ಪ್ರೆಸ್ಸಿನಲ್ಲಿ ಹಾಗೆ ಹಾಕಿಸಿಕೊಂಡ ಕಳ್ಳ ಪ್ರತಿಯಿಂದ ವೈರಸ್ ಬಂದು, ಜಾತ್ರೆಯ ಆಮಂತ್ರಣ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಮೂರು ಕಂಪ್ಯೂಟರ್ ಒಟ್ಟಿಗೆ ಮಲಗಿದ್ದವು. ಬೆಳಗಿನವರೆಗೆ ಕೂತು ಮತ್ತೆ ಟೈಪ್ ಮಾಡಿದವಳು ನಾನು. ಅದಕ್ಕಿಂತ ಮುಖ್ಯ, ನೇಯ್ದವರಿಗೆ ಕೂಲಿ ಕೊಡದೆ ಸೀರೆ ಒಯ್ದರೆ ನಮಗೆ ಹೇಗಾಗುತ್ತದೋ, ಸಾಫ್ಟ್‌ವೇರ್ ಬರೆದವರಿಗೂ ಹಾಗೇ ಆಗುತ್ತದೆ.

ಇನ್ನು ಅಕ್ಷರದ ವಿಷಯ. ವೆಬ್‌ಸೈಟ್ ಶುರು ಮಾಡಿದಾಗ ಮೊದಲ ಬ್ಯಾನರನ್ನು ಒಂದು ಡಿಸೈನ್ ಅಂಗಡಿಯಲ್ಲಿ ಮಾಡಿಸಿದ್ದೆ. ‘ಕೈಮಗ್ಗದ ಸೀರೆ’ ಎಂದು ಕೊಟ್ಟರೆ ‘ಕೈಮಗ್‌ಗದ ಸೀರೆ’ ಎಂದು ಬಂತು. ‘ಸ್ತ್ರೀ’ ಎಂಬ ಪದ ಮೂರು ತುಂಡಾಗಿತ್ತು. ‘ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲ ಮೇಡಂ’ ಎಂದರು. ಆ ಮಾತು ನಿಜವಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಫೋಟೋಶಾಪಿನ ಹಳೆಯ ಆವೃತ್ತಿಗಳಾದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ಎಂಬ ಭಾಗಕ್ಕೆ ಹೋಗಿ, ಭಾರತೀಯ ಭಾಷೆಗಳಿಗೂ ಆಗುವ ‘ವರ್ಲ್ಡ್-ರೆಡಿ ಲೇಔಟ್’ ಆಯ್ದುಕೊಳ್ಳಬೇಕು. ಅವುಗಳಲ್ಲಿ ಅದು ತಾನಾಗಿ ಆನ್ ಆಗಿರುವುದಿಲ್ಲ. ಅದಿಲ್ಲದೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಚದುರುತ್ತದೆ. ಅದು ಗೊತ್ತಿಲ್ಲದ ಎಷ್ಟೋ ಅಂಗಡಿಗಳು ಇನ್ನೂ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲೇ ಕೆಲಸ ಮಾಡುತ್ತವೆ. ಆಸ್ಕಿ ಫಾಂಟಿನಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ರೂಪ ಹೊದಿಸಿರುತ್ತಾರೆ. ಫಾಂಟ್ ಬದಲಾಯಿತೋ, ಪೂರ್ತಿ ಅರ್ಥವಿಲ್ಲದ ಗುರುತುಗಳು.

1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟ ಕರಾವಳಿ ಇದು. ಕಲ್ಲಚ್ಚಿನಲ್ಲಿ ಒತ್ತಿದ ಆ ಹಾಳೆಗಳಲ್ಲೂ ಒತ್ತಕ್ಷರ ತನ್ನ ಜಾಗದಲ್ಲೇ ಕೂತಿತ್ತು. ಈಗ ಅದು ತಪ್ಪಿ ಕೂತರೆ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಕೊನೆಗೆ ನಾನು ನೆಲೆ ನಿಂತದ್ದು ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಶುರು ಮಾಡಿದ್ದು. ಇವತ್ತಿಗೂ ಪೂರ್ತಿ ಉಚಿತ, ವ್ಯಾಪಾರಕ್ಕೆ ಬಳಸಿದರೂ ಯಾರೂ ಕೇಳುವುದಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಕನ್ನಡ ಅಕ್ಷರ ಮೊದಲ ದಿನವೇ ಸರಿಯಾಗಿ ಬಂತು, ಯಾವ ಸೆಟ್ಟಿಂಗೂ ಮುಟ್ಟಲಿಲ್ಲ. ‘ಕೈಮಗ್ಗ’, ‘ಸ್ತ್ರೀ’, ‘ಅರ್ಘ್ಯ’, ‘ರಾಷ್ಟ್ರೀಯ’ ಎಂದು ಕಷ್ಟದ ಪದಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಎಲ್ಲವೂ ಸರಿ ಬಂದವು. ನೇರವಾಗಿ ಚಿತ್ರದ ಮೇಲೆ ಟೈಪ್ ಮಾಡುವ ಬದಲು ನಾನು ನೋಟ್‌ಪ್ಯಾಡಿನಲ್ಲಿ ಬರೆದು ಅಂಟಿಸುತ್ತೇನೆ, ಕೈಗೆ ಅದು ಹಗುರ.

ಹೊಸಬರಿಗೆ ಗಿಂಪ್ ಮೊದಲ ವಾರ ಕಷ್ಟ ಕೊಡುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಸೇವ್ ಕೊಟ್ಟರೆ ಅದರದೇ ಎಕ್ಸ್‌ಸಿಎಫ್ ಕಡತವಾಗುತ್ತದೆ, ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್ ಕೊಡಬೇಕು. ಒಂದು ಸರಳ ವೃತ್ತ ಬರೆಯಲು ಸುತ್ತು ಹೊಡೆಯಬೇಕು: ಆಯ್ಕೆ ಮಾಡಿ, ಆಮೇಲೆ ಬಣ್ಣ ತುಂಬಿಸಿ. ಕೋರೆಲ್‌ನಿಂದ ಬಂದವರಿಗೆ ಇದು ಕಿರಿಕಿರಿ. ನಾನು 2.10 ಆವೃತ್ತಿಯಲ್ಲಿ ಶುರು ಮಾಡಿದವಳು. ಅಲ್ಲಿ ಬಣ್ಣ ತಿದ್ದಿ ಒಪ್ಪಿಗೆ ಕೊಟ್ಟರೆ ಮುಗಿಯಿತು, ನಾಳೆ ಬಂದು ಸ್ವಲ್ಪ ಕಡಿಮೆ ಮಾಡೋಣ ಎಂದರೆ ಆಗುತ್ತಿರಲಿಲ್ಲ. 2025ರ ಮಾರ್ಚಿನಲ್ಲಿ 3.0 ಬಂದ ಮೇಲೆ ಆ ತೊಂದರೆ ಹೋಯಿತು. ಈಗ ಹಾಕಿದ ಫಿಲ್ಟರ್ ಪದರದ ಜತೆ ಉಳಿದಿರುತ್ತದೆ, ಯಾವಾಗ ಬೇಕಾದರೂ ತೆರೆದು ತಿದ್ದಬಹುದು. ಈ ಒಂದು ಬದಲಾವಣೆಗಾಗಿಯೇ ಹಳೆಯ ಆವೃತ್ತಿ ಇಟ್ಟುಕೊಂಡವರು ಹೊಸದು ಹಾಕಿಕೊಳ್ಳಬೇಕು.

ಈಗ ಕೆಂಪಿನ ಕಥೆಗೆ ಬರುತ್ತೇನೆ. ತಪ್ಪು ಎರಡು ಕಡೆ ಇತ್ತು.

ಮೊದಲನೆಯದು ನಮ್ಮ ನೆಲ. ನಮ್ಮ ಚಾವಡಿಯದು ಹಳೆಯ ಕಾವಿ ನೆಲ. ಬೆಳಿಗ್ಗೆ ಒಂಬತ್ತರ ಬಿಸಿಲು ಅಂಗಳದಿಂದ ಒಳಗೆ ಬಂದು ಆ ನೆಲಕ್ಕೆ ಬಿದ್ದು, ಅಲ್ಲಿಂದ ಸೀರೆಯ ಮೇಲೆ ಚಿಮ್ಮುತ್ತಿತ್ತು. ಬಿಳಿ ಒಡಲಿಗೆ ತೆಳು ಗುಲಾಬಿ, ಕೆಂಪು ಅಂಚಿಗೆ ಕಂದು. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ, ಮೊಬೈಲಿನ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಈಗ ನೆಲಕ್ಕೆ ಬಿಳಿ ಪಂಚೆ ಹಾಸಿ ಫೋಟೋ ತೆಗೆಯುತ್ತೇನೆ. ಮೊದಲ ಫೋಟೋದಲ್ಲಿ ಸೀರೆಯ ಪಕ್ಕ ಒಂದು ಬೂದು ಕಾರ್ಡ್ ಇಡುತ್ತೇನೆ. ಗಿಂಪ್‌ನಲ್ಲಿ ಕಲರ್ಸ್, ಲೆವೆಲ್ಸ್ ತೆರೆದು, ಬೂದು ಬಿಂದು ಆಯುವ ಡ್ರಾಪರ್‌ನಿಂದ ಆ ಕಾರ್ಡಿನ ಮೇಲೆ ಒತ್ತಿದರೆ ಇಡೀ ಚಿತ್ರದ ಬಣ್ಣ ಸರಿದು ತನ್ನ ಜಾಗಕ್ಕೆ ಬರುತ್ತದೆ. ಅದೇ ಅಳತೆಯನ್ನು ಉಳಿದ ಫೋಟೋಗಳಿಗೂ ಹಾಕುತ್ತೇನೆ. ಮಳೆಗಾಲದ ಮೋಡದ ಬೆಳಕು ನೀಲಿ, ಅದಕ್ಕೂ ಇದೇ ಮದ್ದು.

ಎರಡನೆಯ ತಪ್ಪು ಹುಡುಕುವುದಕ್ಕೆ ಹೆಚ್ಚು ದಿನ ಹಿಡಿಯಿತು. ಬಣ್ಣ ಸರಿ ಮಾಡಿದ ಮೇಲೂ, ಸಣ್ಣ ಮಾಡಿ ಜೆಪೆಗ್ ತೆಗೆದರೆ ಹಳದಿ ಎಳೆ ಕೆಂಪಿನಲ್ಲಿ ಕರಗುತ್ತಿತ್ತು. ಮೂಲ ಚಿತ್ರ ಮತ್ತು ಜೆಪೆಗ್ ಎರಡನ್ನೂ ಪಕ್ಕಪಕ್ಕ ಇಟ್ಟು ಶೇಕಡಾ 400ಕ್ಕೆ ಹಿಗ್ಗಿಸಿ ನೋಡಿದೆ. ಮೂಲದಲ್ಲಿ ಕೆಂಪು, ಕೆಂಪು, ಹಳದಿ, ಕೆಂಪು ಎಂದು ಚಿತ್ರದ ಚೌಕಗಳು, ಅಂದರೆ ಪಿಕ್ಸೆಲ್‌ಗಳು, ಬಿಡಿಬಿಡಿಯಾಗಿ ನಿಂತಿದ್ದವು. ಜೆಪೆಗ್‌ನಲ್ಲಿ ಅವೇ ಚೌಕಗಳು ಎರಡೆರಡು ಸೇರಿ ಕಿತ್ತಳೆಯಾಗಿದ್ದವು.

ಕಾರಣ ಇಷ್ಟು. 1992ರಿಂದ ಇರುವ ಈ ಜೆಪೆಗ್, ಚಿತ್ರದ ಬೆಳಕು-ನೆರಳನ್ನು ಒಂದು ಕಡೆ, ಬಣ್ಣವನ್ನು ಇನ್ನೊಂದು ಕಡೆ ಬೇರ್ಪಡಿಸಿ ಇಡುತ್ತದೆ. ಮನುಷ್ಯರ ಕಣ್ಣಿಗೆ ಬೆಳಕಿನ ವ್ಯತ್ಯಾಸ ಬೇಗ ತಿಳಿಯುತ್ತದೆ, ಬಣ್ಣದ್ದು ಅಷ್ಟಾಗಿ ಇಲ್ಲ. ಹಾಗಾಗಿ ಕಡತ ಸಣ್ಣದಾಗಲಿ ಎಂದು ನಾಲ್ಕು ಚೌಕಕ್ಕೆ ಒಂದೇ ಬಣ್ಣದ ಲೆಕ್ಕ ಇಡುವ ಪದ್ಧತಿ ಉಂಟು. ಅದನ್ನು 4:2:0 ಎನ್ನುತ್ತಾರೆ. ಮಲ್ಪೆಯ ಸಮುದ್ರದ ಫೋಟೋಕ್ಕೋ, ಒಂದು ಮುಖದ ಫೋಟೋಕ್ಕೋ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಕೆಂಪಿನ ಪಕ್ಕ ಒಂದೇ ಚೌಕ ಅಗಲದ ಹಳದಿ ಎಳೆ ಇದ್ದರೆ ಎರಡೂ ಬೆರೆತು ಮೂರನೆಯ ಬಣ್ಣ ಹುಟ್ಟುತ್ತದೆ. ಬೆಂಗಳೂರಿನವರು ನೋಡಿದ ಇಟ್ಟಿಗೆ ಬಣ್ಣದ ಅರ್ಧ ಪಾಲು ನೆಲದಿಂದ ಬಂದದ್ದು, ಅರ್ಧ ಪಾಲು ಇಲ್ಲಿಂದ. ಆಗ ನಾನು ಬಳಸುತ್ತಿದ್ದದ್ದು ಮೊಬೈಲಿನ ಒಂದು ಉಚಿತ ಆ್ಯಪ್, ಅದರಲ್ಲಿ ಇದನ್ನು ಬದಲಿಸುವ ದಾರಿಯೇ ಇರಲಿಲ್ಲ.

ಗಿಂಪ್‌ನಲ್ಲಿ ಉಂಟು. ಎಕ್ಸ್‌ಪೋರ್ಟ್ ಕೊಟ್ಟಾಗ ಬರುವ ಪೆಟ್ಟಿಗೆಯಲ್ಲಿ ಅಡ್ವಾನ್ಸ್ಡ್ ಭಾಗ ತೆರೆದರೆ ಸಬ್‌ಸ್ಯಾಂಪ್ಲಿಂಗ್ ಎಂಬ ಸಾಲು ಕಾಣುತ್ತದೆ. ಅಲ್ಲಿ 4:4:4 ಇಟ್ಟರೆ ಪ್ರತಿ ಚೌಕಕ್ಕೂ ಅದರದೇ ಬಣ್ಣ. ನನ್ನ ಚಿತ್ರ 1200 ಚೌಕ ಅಗಲದ್ದು. ಗುಣಮಟ್ಟ 80ರಲ್ಲಿ ಮೊದಲು 201 ಕೆಬಿ ಇದ್ದದ್ದು 238 ಕೆಬಿ ಆಯಿತು. ಆ 37 ಕೆಬಿಗೆ ನನ್ನ ಅಮ್ಮನ ಎಳೆ ವಾಪಸ್ ಬಂತು.

ಇಲ್ಲಿ ಇನ್ನೊಂದು ಮಾತು. ವೆಬ್‌ಸೈಟ್ ವೇಗವಾಗಿ ತೆರೆಯಬೇಕಾದರೆ ಎಲ್ಲ ಚಿತ್ರವನ್ನೂ ವೆಬ್‌ಪಿ ಎಂಬ ಕಡತ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಗೂಗಲ್ 2010ರಲ್ಲಿ ತಂದ ವೆಬ್‌ಪಿ ಒಳ್ಳೆಯದೇ, ಕಡತ ನಿಜಕ್ಕೂ ಸಣ್ಣದಾಗುತ್ತದೆ. ಆದರೆ ಸಾಮಾನ್ಯವಾಗಿ ಬಳಸುವ ಅದರ ನಷ್ಟಸಹಿತ ರೂಪ, ಅಂದರೆ ಸ್ವಲ್ಪ ವಿವರ ಬಿಟ್ಟು ಕುಗ್ಗಿಸುವಂಥದ್ದು, ಯಾವಾಗಲೂ 4:2:0ರಲ್ಲೇ ಇರುತ್ತದೆ, 4:4:4 ಮಾಡುವ ಅವಕಾಶವೇ ಇಲ್ಲ. ಆದ್ದರಿಂದ ಪೂರ್ತಿ ಸೀರೆ ಉಟ್ಟ ಫೋಟೋಗೆ ವೆಬ್‌ಪಿ, ಅಂಚು-ಸೆರಗಿನ ಹತ್ತಿರದ ಫೋಟೋಗೆ ಜೆಪೆಗ್ ಎಂದು ನಾನು ಭಾಗ ಮಾಡಿಕೊಂಡೆ. ಎವಿಐಎಫ್ ಎಂಬ ಹೊಸದರಲ್ಲಿ 4:4:4 ಸಾಧ್ಯ, ಕಡತವೂ ಸಣ್ಣದು. ಆದರೆ ನನ್ನ ಗಿರಾಕಿಗಳಲ್ಲಿ ಹಳೆಯ ಫೋನಿನವರು ಬಹಳ, ಅದಕ್ಕೆ ಸದ್ಯ ಕೈಹಾಕಿಲ್ಲ.

ಈ ಕೊನೆಯ ಹಂತಕ್ಕೆ, ಅಂದರೆ ಎಷ್ಟು ಕುಗ್ಗಿಸಿದರೆ ಎಷ್ಟು ಹಾಳಾಗುತ್ತದೆ ಎಂದು ನೋಡುವುದಕ್ಕೆ, ಸ್ಕ್ವೂಷ್‌ನಷ್ಟು ಚೆಂದದ್ದು ಇನ್ನೊಂದಿಲ್ಲ. ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಬಿಟ್ಟದ್ದು, ಬ್ರೌಸರಿನಲ್ಲೇ ತೆರೆಯುತ್ತದೆ, ಚಿತ್ರ ನಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಪರದೆಯ ನಡುವೆ ಒಂದು ಗೆರೆ. ಎಡಕ್ಕೆ ಮೂಲ, ಬಲಕ್ಕೆ ಕುಗ್ಗಿಸಿದ್ದು. ಗೆರೆಯನ್ನು ಅಂಚಿನ ಮೇಲೆ ಅತ್ತಿತ್ತ ಎಳೆದರೆ ಎಳೆ ಎಲ್ಲಿ ಕಳೆಯುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಕೆಳಗೆ ಕೆಬಿ ಲೆಕ್ಕ. ಒಂದು ಸಲಕ್ಕೆ ಒಂದೇ ಚಿತ್ರ ಎನ್ನುವುದು ಅದರ ಕೊರತೆ. ಹಳೆಯ 140 ಫೋಟೋಗಳನ್ನು ಒಟ್ಟಿಗೆ ತಿದ್ದಬೇಕಾದಾಗ ಇಮೇಜ್‌ಮ್ಯಾಜಿಕ್ ಕಲಿತೆ. ಅದು ಆಜ್ಞೆ ಟೈಪ್ ಮಾಡುವ ಸಾಧನ, ಎಲ್ಲರಿಗೂ ಹಿಡಿಸಲಿಕ್ಕಿಲ್ಲ.

ಚೌಕುಳಿ ಸೀರೆ ಮಾರುವವರಿಗೆ ಬೇರೊಂದು ಕಷ್ಟ ಬರುತ್ತದೆ. 4000 ಚೌಕ ಅಗಲದ ಫೋಟೋವನ್ನು 1200ಕ್ಕೆ ಇಳಿಸಿದಾಗ ಬಟ್ಟೆಯ ಮೇಲೆ ಇಲ್ಲದ ಅಲೆಗಳು ಏಳುತ್ತವೆ, ಹಾಸು-ಹೊಕ್ಕಿನ ಸಣ್ಣ ಗೆರೆ ಚಿತ್ರದ ಚೌಕಗಳ ಜತೆ ತಾಳೆಯಾಗದೆ ಹಾಗಾಗುವುದು. ಗಿಂಪ್‌ನ ಸ್ಕೇಲ್ ಇಮೇಜ್‌ನಲ್ಲಿ ಇಂಟರ್‌ಪೊಲೇಶನ್ ಜಾಗದಲ್ಲಿ ನೋಹ್ಯಾಲೋ ಇಟ್ಟು ನೋಡಿ. ಸಾಲದಿದ್ದರೆ ಇಳಿಸುವ ಮೊದಲು ಗಾಸಿಯನ್ ಬ್ಲರ್‌ನಿಂದ ತೀರಾ ಚೂರು ಮಸುಕು ಮಾಡಿ, ಇಳಿಸಿದ ಮೇಲೆ ಅನ್‌ಶಾರ್ಪ್ ಮಾಸ್ಕ್‌ನಿಂದ ಸ್ವಲ್ಪ ಚುರುಕು ಮಾಡಿ. ಆದರೆ ಅಲೆ ಮೂಲ ಫೋಟೋದಲ್ಲೇ ಇದ್ದರೆ ಸಾಫ್ಟ್‌ವೇರಿನ ಹಿಂದೆ ಬೀಳಬೇಡಿ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ತೆಗೆಯಿರಿ. ವೆಬ್‌ಸೈಟಿನಲ್ಲಿ ಎಷ್ಟು ಅಗಲ ಕಾಣುತ್ತದೋ ಅಷ್ಟೇ ಅಗಲದ ಚಿತ್ರ ಹಾಕುವುದೂ ಮುಖ್ಯ, ಇಲ್ಲದಿದ್ದರೆ ಬ್ರೌಸರ್ ತನ್ನಷ್ಟಕ್ಕೆ ಕುಗ್ಗಿಸಿ ಅಲೆಯನ್ನು ಮತ್ತೆ ತರುತ್ತದೆ. ಪ್ರೆಸ್ಸಿನಿಂದ ಬಂದ ನನ್ನಂಥವರು 300 ಡಿಪಿಐ, ಅಂದರೆ ಅಂಗುಲಕ್ಕೆ 300 ಚುಕ್ಕಿ, ಎಂದು ಹಟ ಹಿಡಿಯುತ್ತೇವೆ. ಪರದೆಗೆ ಅದು ಲೆಕ್ಕಕ್ಕಿಲ್ಲ, ಎಷ್ಟು ಚೌಕ ಎಂಬುದಷ್ಟೇ ಲೆಕ್ಕ. ಅಚ್ಚಿನ ಬಣ್ಣದ ಲೆಕ್ಕವಾದ ಸಿಎಂವೈಕೆಯಲ್ಲಿರುವ ಜೆಪೆಗ್ಗನ್ನು ಮಾತ್ರ ವೆಬ್‌ಸೈಟಿಗೆ ಹಾಕಲೇಬೇಡಿ, ಪರದೆಯ ಬಣ್ಣದ ಲೆಕ್ಕವಾದ ಎಸ್‌ಆರ್‌ಜಿಬಿ ಮಾಡಿಯೇ ಹಾಕಿ.

ಲೋಗೋಗೆ ಇಂಕ್‌ಸ್ಕೇಪ್ ಎಂಬ ಗೆರೆಚಿತ್ರದ ಸಾಫ್ಟ್‌ವೇರ್. 2003ರಲ್ಲಿ ಶುರುವಾದದ್ದು, 1.0 ಆವೃತ್ತಿ ಬಂದದ್ದು 2020ರಲ್ಲಿ. ಕೋರೆಲ್‌ಡ್ರಾ ಗೊತ್ತಿದ್ದವರಿಗೆ ಒಂದೇ ವಾರದಲ್ಲಿ ಕೈ ಕೂರುತ್ತದೆ. ಒಂದು ಲಾಳಿ, ಅದರಿಂದ ಹೊರಟ ನೂಲು ನಮ್ಮ ಹೆಸರಿನ ಮೊದಲ ಅಕ್ಷರವಾಗುವ ಹಾಗೆ ಬರೆದೆ. ಎಸ್‌ವಿಜಿ ಕಡತ 9 ಕೆಬಿ. ಅದೇ ಕಡತದಿಂದ ಮೊಬೈಲಿನ ಸಣ್ಣ ಗುರುತೂ ಆಯಿತು, ಅಂಗಡಿಯ ಆರು ಅಡಿ ಬೋರ್ಡೂ ಆಯಿತು. ಒಂದು ಎಚ್ಚರ ಬೇಕು: ಅಕ್ಷರವನ್ನು ಹಾಗೇ ಬಿಟ್ಟರೆ ನೋಡುವವರ ಫೋನಿನಲ್ಲಿ ಆ ಫಾಂಟ್ ಇಲ್ಲದಾಗ ರೂಪ ಬದಲಾಗುತ್ತದೆ. ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರವನ್ನು ಗೆರೆ ಮಾಡಿ, ತಿದ್ದುವುದಕ್ಕೆ ಬೇರೆ ಒಂದು ಪ್ರತಿ ಇಟ್ಟುಕೊಳ್ಳಿ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಟಿರೋ ಕನ್ನಡ ಉಂಟು. ನಾಲ್ಕೂ ಉಚಿತ, ವ್ಯಾಪಾರಕ್ಕೂ ಬಳಸಬಹುದು. ನಾನು ಆರಿಸಿದ್ದು ಟಿರೋ. ಹಳೆಯ ಅಚ್ಚಿನ ಪುಸ್ತಕದ ದಪ್ಪ-ತೆಳುವು ಅದರಲ್ಲಿ ಇದೆ. ಬೆಲೆ, ಉದ್ದ, ನೂಲಿನ ವಿವರ ಇವನ್ನೆಲ್ಲ ಚಿತ್ರದೊಳಗೆ ಬರೆಯಬೇಡಿ, ಪುಟದಲ್ಲಿ ಅಕ್ಷರವಾಗಿಯೇ ಇಡಿ. ಹುಡುಕುವವರಿಗೆ ಸಿಗುತ್ತದೆ, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುತ್ತದೆ.

ಯಾರಾದರೂ ಫೋಟೋಶಾಪಿನ ಪಿಎಸ್‌ಡಿ ಕಡತ ಕಳಿಸಿದರೆ ಫೋಟೋಪಿಯಾದಲ್ಲಿ ತೆರೆಯುತ್ತೇನೆ. ಬ್ರೌಸರಿನಲ್ಲೇ ನಡೆಯುತ್ತದೆ, ಜಾಹೀರಾತು ಸಹಿಸಿಕೊಂಡರೆ ಉಚಿತ. ಫೋಟೋಶಾಪ್ ಕಲಿತವರು ಗಿಂಪ್ ಬದಲು ಇದನ್ನೇ ಇಷ್ಟಪಡಬಹುದು.

ಆಟಿಯ ನಂತರದ ಸೋಣ ತಿಂಗಳಲ್ಲಿ ಹೊಸ ಚಿತ್ರಗಳನ್ನು ಹಾಕುವ ಮೊದಲು ಅಮ್ಮನನ್ನು ಕೂರಿಸಿ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅದೇ ಬಿಳಿ ಒಡಲು, ಕೆಂಪು ಅಂಚು. ಅವರು ಪರದೆಗೆ ಬೆರಳು ತಾಗಿಸಿ ಎಳೆ ಎಣಿಸಿದರು. ಎರಡು ಕೆಂಪು, ಎರಡು ಹಳದಿ, ಮತ್ತೆ ಕೆಂಪು. ಒಂದು ಕಡೆ ಬೆರಳು ನಿಂತಿತು. ‘ಇಲ್ಲಿ ಒಂದು ಎಳೆ ತುಂಡಾಗಿ ಗಂಟು ಹಾಕಿದ್ದೇನೆ. ಕಾಣ್ತದಲ್ಲ’ ಎಂದರು. ಸೀರೆಯನ್ನು ತಂದು ಬೆಳಕಿಗೆ ಹಿಡಿದೆವು. ಹೇಳಿದ ಜಾಗದಲ್ಲೇ ಸಾಸಿವೆಗಿಂತ ಸಣ್ಣ ಗಂಟು ಇತ್ತು. ಆ ಚಿತ್ರವನ್ನು ತಿದ್ದದೆ ಹಾಗೇ ಹಾಕಿದೆ, ಪಕ್ಕದಲ್ಲಿ ಗಂಟಿನ ವಿಷಯ ಬರೆದು 150 ರೂಪಾಯಿ ಕಡಿಮೆ ಮಾಡಿದೆ. ನಾಲ್ಕನೆಯ ದಿನ ಶಿವಮೊಗ್ಗದ ಒಬ್ಬರು ತರಿಸಿಕೊಂಡರು.